ಪೊಲೀಸ್ ಆಗೋ ಓದು

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರ ಮಗಳು ಪಿಯುಸಿ ಪಾಸಾದಳು. "ಅಮ್ಮಾ, ನಾನು ಪೊಲೀಸ್ ಆಗ್ತೀನಿ" ಅಂದಳು.

ಅಪರಾಧಶಾಸ್ತ್ರ ಅಂತ ಒಂದು ವಿಷಯ ಇದೆ. ಕಳವು, ಕೊಲೆ ಯಾಕೆ ನಡೀತವೆ, ಹೇಗೆ ಪತ್ತೆ ಹಚ್ಚಬೇಕು ಅಂತ ಕಲಿಸ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ ಈ ವಿಷಯ ಇದೆ.

ಊರಿನ ಒಬ್ಬ ಬಂದ. "ದುಡ್ಡು ಕೊಡಿ, ಸೀಟೂ ಕೊಡಿಸ್ತೀನಿ, ಕೆಲಸಾನೂ ಕೊಡಿಸ್ತೀನಿ" ಅಂದ.

ಅಕ್ಕ ಕೊಡಲಿಲ್ಲ. ಕಾಲೇಜಿಗೇ ಹೋದರು. ಅರ್ಜಿ ತಾವೇ ಓದಿದರು. ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳಿದ್ದರು. ಫೀಸು ಕಟ್ಟಿ ರಸೀದಿ ತಗೊಂಡರು.

ಇದೂ ತಿಳಿದಿರಲಿ. ಈ ಪದವಿ ಪಡೆದ ಮಾತ್ರಕ್ಕೆ ಕೆಲಸ ಸಿಗೋದಿಲ್ಲ. ಸಬ್ ಇನ್ಸ್‌ಪೆಕ್ಟರ್ ಆಗೋಕೆ ಯಾವ ಪದವಿಯಾದರೂ ಆದೀತು. ಆದರೆ ಪರೀಕ್ಷೆ ಬರೀಬೇಕು. ಹೆಣ್ಣುಮಕ್ಕಳು 400 ಮೀಟರ್ ಓಡಬೇಕು.

ಮಗಳು ಈಗ ಬೆಳಿಗ್ಗೆ ಕೆರೆ ಏರಿ ಮೇಲೆ ಓಡ್ತಾಳೆ. ಅರ್ಜಿಯಲ್ಲಿ ತಾಯಿಯ ಸಹಿ ಇದೆ, ಹೆಬ್ಬೆಟ್ಟಲ್ಲ.