ಪಾಳಾ ಸೀಮೆಯ ಕೆರೆಯಲ್ಲಿ ಮೇಲ್ನೀರಿನ ಗಾಳ: ಹೊಸಬರಿಗೆ ಹಂತ ಹಂತವಾಗಿ

ಮುಂಡಗೋಡ ತಾಲ್ಲೂಕಿನ ಪಾಳಾ ಸುತ್ತಮುತ್ತ ಮಲೆನಾಡು ಇಳಿದು ಬಯಲಿಗೆ ಸೇರುತ್ತದೆ. ಮಳೆನೀರು ಹಿಡಿದಿಡುವ ಕೆರೆಕಟ್ಟೆಗಳು, ಅವುಗಳ ಕೆಳಗೆ ಭತ್ತದ ಗದ್ದೆಗಳು ಇಲ್ಲಿನ ಚಹರೆ. ಇಂಥ ನೀರಿನಲ್ಲಿ ಹೊಂಚು ಹಾಕಿ ಬದುಕುವ ಮೀನು ಕುಚ್ಚು. ಕೊರವ ಮೀನು, ಮರಲ್ ಎಂದೂ ಕರೆಯುತ್ತಾರೆ. ಹಾವಿನಂಥ ತಲೆ, ಉರುಟು ಮೈ, ಗಟ್ಟಿ ದವಡೆ, ಚೂಪು ಹಲ್ಲು. ಕಿವಿರಿನ ಉಸಿರು ಇದಕ್ಕೆ ಸಾಲದು. ಆಗಾಗ ಮೇಲೆದ್ದು ಗಾಳಿ ಕುಡಿಯಲೇಬೇಕು. ದಡದ ತೆಳು ನೀರಿನಲ್ಲಿ ಓಡಾಡುವ ಸಣ್ಣ ಮೀನು, ಕಪ್ಪೆಗಳೇ ಇದರ ಊಟ. ಹಾಗಾಗಿ ಇದರ ಕಣ್ಣು ಸದಾ ನೀರಿನ ಮೇಲ್ಮೈಯತ್ತ ಇರುತ್ತದೆ.

ತೇಲುವ ಸುಳ್ಳು ಮೀನನ್ನು, ಅಂದರೆ ಲ್ಯೂರನ್ನು, ನೀರಿನ ಮೇಲೆ ಆಡಿಸಿ ಬೇಟೆ ಮೀನನ್ನು ಕೆರಳಿಸುವ ವಿದ್ಯೆ ಅಮೆರಿಕದಲ್ಲಿ ಬಾಸ್ ಮೀನಿನ ಸುತ್ತ ಬೆಳೆಯಿತು. ಮಿಶಿಗನ್ನಿನ ಹೆಡನ್ ಕಂಪನಿ 1939ರಲ್ಲಿ ತಂದ ‘ಜಾರಾ ಸ್ಪೂಕ್’ ಎಂಬ ಲ್ಯೂರ್ ಇಂದಿಗೂ ಮಾರಾಟದಲ್ಲಿದೆ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಆದರೆ ಅದೇ ಹೊಂಚಿನ ಸ್ವಭಾವ ಕುಚ್ಚಿಗೂ ಇರುವುದರಿಂದ ಅದೇ ಆಟ ಇಲ್ಲೂ ನಡೆಯುತ್ತದೆ. ಇದರಲ್ಲಿ ಹೊಸಬರು ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ತಡೆದುಕೊಳ್ಳುವುದು. ಎಸೆದ ಮೇಲೆ ತಡೆಯಬೇಕು, ಆಡಿಸುವ ನಡುವೆ ತಡೆಯಬೇಕು, ಮೀನು ಹೊಡೆದ ಮೇಲೂ ತಡೆಯಬೇಕು.

ಹಂತ 1: ನೀರು ಯಾರದೆಂದು ಕೇಳಿ

ಕೆರೆ ಊರಿನದೇ ಆದರೂ ಅದರ ಮೀನು ಬೇರೆಯವರ ಹಕ್ಕಿನದಾಗಿರಬಹುದು. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಕೆರೆಯನ್ನು ಮೀನುಗಾರರ ಸಹಕಾರ ಸಂಘಕ್ಕೆ ಅಥವಾ ಹರಾಜು ಹಿಡಿದವರಿಗೆ ಕೊಟ್ಟಿರುತ್ತದೆ. ಅವರು ಹಣ ಹಾಕಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿತ್ತಿರುತ್ತಾರೆ. ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ, ಗುತ್ತಿಗೆದಾರರನ್ನು ಕಂಡು ಒಪ್ಪಿಗೆ ಪಡೆಯಿರಿ. ಬಿತ್ತಿದ ಮರಿಗಳನ್ನು ಕುಚ್ಚು ತಿನ್ನುವುದರಿಂದ ‘ಹಿಡಿಯಿರಿ’ ಎನ್ನುವವರಿದ್ದಾರೆ. ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇರುವುದರಿಂದ ‘ಬೇಡ’ ಎನ್ನುವವರೂ ಇದ್ದಾರೆ. ಸಿಕ್ಕ ಮೀನು ಯಾರಿಗೆ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಮಳಗಿ ಬಳಿಯ ಧರ್ಮಾ ಜಲಾಶಯದಂಥ ದೊಡ್ಡ ನೀರಿಗೆ ಹೋಗುವ ಮುನ್ನ ಇಲಾಖೆಯ ಕಚೇರಿಯಲ್ಲಿ ಪರವಾನಗಿಯ ವಿಷಯ ಕೇಳಿ.

ಅತ್ತಿವೇರಿ ಪಕ್ಷಿಧಾಮದ ನೀರಿಗೆ ಗಾಳ ಹಾಕಬೇಡಿ. ಜೋಯಿಡಾ, ದಾಂಡೇಲಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇದೇ ಮಾತು. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು.

ಹಂತ 2: ಸಲಕರಣೆ ಹೊಂದಿಸಿ

- ರಾಡ್: ಆರೂವರೆಯಿಂದ 7 ಅಡಿ ಉದ್ದದ ಸ್ಪಿನ್ನಿಂಗ್ ರಾಡ್. ತುದಿ ಬಳುಕಬೇಕು, ನಡು ಗಟ್ಟಿಯಿರಬೇಕು.
- ರೀಲ್: 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲ್.
- ದಾರ: 30 ಪೌಂಡ್ ತಾಕತ್ತಿನ ಹೆಣೆದ ದಾರ, ಅಂದರೆ ಬ್ರೇಡ್. ಮಾಮೂಲಿ ತಂಗೂಸಿ ಎಳೆದಾಗ ಹಿಗ್ಗುತ್ತದೆ. ದೂರದಲ್ಲಿರುವ ಮೀನಿನ ಗಟ್ಟಿ ದವಡೆಗೆ ಗಾಳ ನಾಟಿಸಲು ಹಿಗ್ಗದ ದಾರವೇ ಬೇಕು.
- ಲ್ಯೂರ್: 7ರಿಂದ 9 ಸೆಂ.ಮೀ. ಉದ್ದದ ಎರಡು ಸಾಕು, ಒಂದು ಪಾಪರ್, ಒಂದು ಪೆನ್ಸಿಲ್. ಪಾಪರ್‌ನ ಬಾಯಿ ಬಟ್ಟಲಿನಂತೆ ಒಳಗೆ ತಗ್ಗಾಗಿದ್ದು ನೀರನ್ನು ಉಗುಳುತ್ತದೆ. ಪೆನ್ಸಿಲ್ ನುಣುಪಾಗಿದ್ದು ಎಡಕ್ಕೂ ಬಲಕ್ಕೂ ಹೊರಳುತ್ತದೆ. ಪಕ್ಕೆ ಎಂಬ ಸಣ್ಣ ಮೀನಿನಂತೆ ಬೆಳ್ಳಿ ಬಣ್ಣದ್ದು ತಿಳಿ ನೀರಿಗೆ, ಗಾಢ ಬಣ್ಣದ್ದು ಮಸುಕು ಬೆಳಕಿಗೆ.
- ಜೊತೆಗೆ: ಲ್ಯೂರ್ ಸಿಕ್ಕಿಸುವ ಸ್ನ್ಯಾಪ್ ಕೊಂಡಿ, ಉದ್ದ ಮೂತಿಯ ಇಕ್ಕಳ, ಹಿಡಿಯಿರುವ ಸಣ್ಣ ಬಲೆ, ಕನ್ನಡಕ, ಮೊಣಕಾಲಿನವರೆಗಿನ ಬೂಟು. ತಪ್ಪಿದ ಲ್ಯೂರ್ ಮುಖದತ್ತಲೇ ಹಾರಿಬರುತ್ತದೆ; ಜೊಂಡಿನ ಬುಡದಲ್ಲಿ ಹಾವುಗಳಿರುತ್ತವೆ.

ಲ್ಯೂರ್‌ಗೆ ಸಾಮಾನ್ಯವಾಗಿ ಮೂರು ಮುಳ್ಳಿನ ಗಾಳಗಳಿರುತ್ತವೆ. ಅವುಗಳ ಒಳಮುಖದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನಿಗೆ ಗಾಯ ಕಡಿಮೆ. ನಿಮ್ಮ ಬೆರಳಿಗೆ ಚುಚ್ಚಿದರೂ ತೆಗೆಯುವುದು ಸುಲಭ.

ಹಂತ 3: ಒಂದು ಗಂಟು ಕಲಿಯಿರಿ

ದಾರದ ತುದಿಯನ್ನು ಜೋಡಿಯಾಗಿ ಮಡಚಿ ಸ್ನ್ಯಾಪ್ ಕೊಂಡಿಯ ಕಣ್ಣಿಗೆ ತೂರಿಸಿ. ಆ ಜೋಡಿ ದಾರದಿಂದಲೇ ಒಂದು ಸಡಿಲ ಗಂಟು ಹಾಕಿ. ತುದಿಯಲ್ಲಿ ಉಳಿದ ಕುಣಿಕೆಯ ಒಳಗಿಂದ ಇಡೀ ಸ್ನ್ಯಾಪನ್ನು ದಾಟಿಸಿ. ಉಗುಳಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಪ್ಯಾಲೋಮರ್ ಎಂಬ ಈ ಗಂಟು ಹೆಣೆದ ದಾರದಲ್ಲಿ ಜಾರುವುದಿಲ್ಲ. ಈಗ ಸ್ನ್ಯಾಪಿಗೆ ಲ್ಯೂರ್ ಸಿಕ್ಕಿಸಿ.

ಹಂತ 4: ಎಸೆಯುವ ಮುನ್ನ ನೀರು ನೋಡಿ

ಬೆಳಕು ಹರಿಯುವ ಹೊತ್ತು ಮತ್ತು ಸಂಜೆ ಬಿಸಿಲು ಇಳಿದ ಹೊತ್ತು ಒಳ್ಳೆಯದು. ಮೋಡ ಕವಿದ ದಿನವಾದರೆ ನಡುಹಗಲೂ ನಡೆಯುತ್ತದೆ. ನೀರು ಅಲೆಯಿಲ್ಲದೆ ನಿಂತಿರಬೇಕು. ಗಾಳಿ ಬೀಸುವಾಗ ಏರಿಯ ಮರೆಯಿರುವ ಮೂಲೆ ಹುಡುಕಿ.

ನೋಡಬೇಕಾದ ಗುರುತುಗಳು ಮೂರು. ಒಂದು, ಮೇಲೆದ್ದ ಕುಚ್ಚು ಗಾಳಿ ಕುಡಿದು ಮುಳುಗಿದಾಗ ಏಳುವ ಒಂದೇ ಉಂಗುರ, ಅದರೊಳಗೆ ಒಂದೆರಡು ಗುಳ್ಳೆ. ಸಾಲುಗುಳ್ಳೆ ಎದ್ದರೆ ಅದು ಕೆಸರು ಕೆದಕುವ ಬೇರೆ ಮೀನಿರಬಹುದು. ಎರಡು, ದಡದ ಬಳಿ ಪಕ್ಕೆ ಮರಿಗಳು ಇದ್ದಕ್ಕಿದ್ದಂತೆ ಚೆಲ್ಲಾಪಿಲ್ಲಿಯಾಗಿ ಚಿಮ್ಮುವುದು. ಮೂರು, ಗಾಳಿಯಿಲ್ಲದಿದ್ದರೂ ಅಲುಗುವ ಒಂಟಿ ಜೊಂಡಿನ ಕಡ್ಡಿ.

ಜೊಂಡು ಮುಗಿದು ನೀರು ತೆರೆಯುವ ಅಂಚು, ತಾವರೆ ಎಲೆಗಳ ನಡುವಿನ ಬಯಲು, ಮುಳುಗಿದ ಮರದ ಪಕ್ಕ, ಗದ್ದೆಯ ನೀರು ಕೆರೆಗಿಳಿಯುವ ಬಾಯಿ, ಇವು ಹೊಂಚಿನ ಜಾಗಗಳು. ಅಂತರಗಂಗೆ ದಟ್ಟವಾಗಿರುವಲ್ಲಿ ತೆರೆದ ಗಾಳದ ಲ್ಯೂರ್ ಕಳೆಗೆ ಸಿಕ್ಕಿಬೀಳುತ್ತದೆ; ಅಲ್ಲಿಗೆ ಗಾಳ ಮೈಗೆ ಅಂಟಿಕೊಂಡಿರುವ ರಬ್ಬರ್ ಕಪ್ಪೆಯೇ ಸರಿ. ತೂಬಿನ ಬಳಿಯೂ ಹರಿಯುವ ಕೋಡಿಯ ಮೇಲೂ ನಿಲ್ಲಬೇಡಿ.

ಹಂತ 5: ಎಸೆತ

ಮೊದಲು ಗಾಳ ಬಿಚ್ಚಿಟ್ಟ ಲ್ಯೂರ್ ಕಟ್ಟಿಕೊಂಡು, ಕೊಯ್ಲಾದ ಗದ್ದೆಯಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಬೀಳುವಂತೆ ಎಸೆದು ರೂಢಿ ಮಾಡಿ. ಲ್ಯೂರ್ ರಾಡಿನ ತುದಿಯಿಂದ ಒಂದು ಗೇಣು ಕೆಳಗಿರಲಿ. ತೋರುಬೆರಳಿಗೆ ದಾರ ಸಿಕ್ಕಿಸಿ, ರೀಲಿನ ತಂತಿ ಕಮಾನು ತೆರೆಯಿರಿ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ತಲೆಯ ಮೇಲಿಂದ ಬೀಸಿ, ರಾಡ್ ಗುರಿಯತ್ತ ತಿರುಗುವಾಗ ಬೆರಳು ಬಿಡಿ. ಲ್ಯೂರ್ ಬಿದ್ದೊಡನೆ ಕಮಾನನ್ನು ಕೈಯಿಂದಲೇ ಮುಚ್ಚಿ.

ಮೀನಿನ ನೆತ್ತಿಯ ಮೇಲೆ ಎಸೆಯಬೇಡಿ, ಬೆದರುತ್ತದೆ. ಅದು ಇರುವ ಜಾಗದಿಂದ ಒಂದು ಮಾರು ಆಚೆ ಬೀಳಿಸಿ ಅದರ ಮುಂದೆ ಎಳೆದುತನ್ನಿ. ದಡದ ಉದ್ದಕ್ಕೆ, ಜೊಂಡಿನ ಅಂಚಿಗೆ ಸಮಾನಾಂತರವಾಗಿ ಎಸೆದರೆ ಲ್ಯೂರ್ ದಾರಿಯುದ್ದಕ್ಕೂ ಹೊಂಚಿನ ಜಾಗದಲ್ಲೇ ಸಾಗುತ್ತದೆ.

ಹಂತ 6: ಗಾಯಗೊಂಡ ಮೀನಿನಂತೆ ಆಡಿಸಿ

ಬಿದ್ದ ಲ್ಯೂರನ್ನು ಅಲುಗಿಸದೆ ಬಿಡಿ. ಅದರ ಸುತ್ತಿನ ಅಲೆ ಪೂರ್ತಿ ಮಾಯವಾಗಲಿ. ಅನಂತರ ರಾಡಿನ ತುದಿ ನೀರಿನತ್ತ ಬಾಗಿರುವಂತೆ ಹಿಡಿದು ಶುರುಮಾಡಿ.

ಪಾಪರ್ ಆದರೆ ಮಣಿಕಟ್ಟಿನಿಂದ ಒಂದು ಸಣ್ಣ ಜಗ್ಗು. ‘ಗುಳುಕ್’ ಎಂದು ಸದ್ದಾಗಬೇಕು. ಜಗ್ಗಿದ ಮೇಲೆ ಸಡಿಲಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಎರಡು ಗುಳುಕ್, ಮೂರು ಎಣಿಸುವಷ್ಟು ವಿರಾಮ. ಮತ್ತೆ ಒಂದು ಗುಳುಕ್, ಇನ್ನೂ ಉದ್ದದ ವಿರಾಮ.

ಪೆನ್ಸಿಲ್ ಆದರೆ ಒಂದೇ ಲಯದಲ್ಲಿ ಚಿಕ್ಕ ಚಿಕ್ಕ ಜಗ್ಗು. ಪ್ರತಿ ಜಗ್ಗಿನ ನಂತರ ದಾರ ತುಸು ಸಡಿಲ ಬಿಟ್ಟರೆ ಮಾತ್ರ ಲ್ಯೂರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತದೆ; ದಾರ ಬಿಗಿಯಾಗಿಯೇ ಇದ್ದರೆ ಅದು ನೆಟ್ಟಗೆ ಜಾರಿಬರುತ್ತದೆ.

ಹೊಸಬರು ವಿರಾಮ ಕೊಡದೆ ಎಳೆಯುತ್ತಲೇ ಇರುತ್ತಾರೆ. ಗಾಯಗೊಂಡ ಪಕ್ಕೆ ಮೀನನ್ನು ಗಮನಿಸಿ ನೋಡಿ: ಒಂದು ಸಲ ಕೊಸರುತ್ತದೆ, ಸೋತು ತೇಲುತ್ತದೆ, ಮತ್ತೆ ಕೊಸರುತ್ತದೆ. ಹಿಂಬಾಲಿಸಿ ಬಂದ ಕುಚ್ಚು ಬಹಳ ಸಲ ಹೊಡೆಯುವುದು ಆ ತೇಲುವ ಗಳಿಗೆಯಲ್ಲಿ.

ಹಂತ 7: ಹೊಡೆದಾಗ ಕೈ ತಡೆಯಿರಿ

ನೀರು ಒಡೆದು ಸದ್ದಾದೊಡನೆ ರಾಡ್ ಎತ್ತುವ ಆಸೆಯಾಗುತ್ತದೆ. ಎತ್ತಿದರೆ ಮೀನಿನ ಬಾಯಿಗೆ ಇನ್ನೂ ಸರಿಯಾಗಿ ಸೇರದ ಲ್ಯೂರ್ ಹೊರಗೆ ಬರುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಎಳೆಯಬಾರದು, ಕೈಗೆ ಭಾರ ತಿಳಿದ ಮೇಲೆ ಎಳೆಯಬೇಕು. ದಾರ ಬಿಗಿಯಾಗಿ ರಾಡ್ ಬಾಗಿತೇ? ಈಗ ಎರಡು ಸುತ್ತು ಸುತ್ತಿ, ಬಲವಾಗಿ ಪಕ್ಕಕ್ಕೆ ಎಳೆಯಿರಿ.

ಏಟು ತಪ್ಪಿದರೆ ಲ್ಯೂರನ್ನು ಅಲ್ಲೇ ಬಿಡಿ. ಐದಾರು ಎಣಿಸಿ ಒಮ್ಮೆ ಅಲುಗಿಸಿ. ಕುಚ್ಚು ಮತ್ತೆ ಬರುವುದುಂಟು.

ಹಂತ 8: ದಡಕ್ಕೆ ತನ್ನಿ

ಸಿಕ್ಕಿದ ಕುಚ್ಚು ನೇರ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಅದಕ್ಕಾಗಿ ರೀಲಿನ ಡ್ರ್ಯಾಗನ್ನು, ಅಂದರೆ ಮೀನು ದಾರ ಎಳೆದಾಗ ತಡೆಯುವ ಭಾಗವನ್ನು, ಮೊದಲೇ ಬಿಗಿಯಾಗಿಟ್ಟಿರಬೇಕು. ದಾರಕ್ಕೆ ಸಡಿಲು ಕೊಡದೆ ತಲೆಯನ್ನು ತೆರೆದ ನೀರಿನತ್ತ ತಿರುಗಿಸಿ. ದಾರ ಹಿಡಿದು ಮೀನೆತ್ತಬೇಡಿ, ಬಲೆ ಬಳಸಿ. ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿ ಹಿಡಿದರೆ ಕೊಸರಾಟ ಕಡಿಮೆಯಾಗುತ್ತದೆ. ಗಾಳ ತೆಗೆಯುವುದು ಇಕ್ಕಳದಿಂದಲೇ. ಬಾಯಿಗೆ ಬೆರಳು ಹಾಕಬಾರದು.

ಯಾವ ಹಂತದಲ್ಲಿದ್ದರೂ ಸರಿ, ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಕಾಲದಲ್ಲಿ ದೂರದ ಗುಡುಗು ಕೇಳಿದರೂ ಸಾಕು, ರಾಡ್ ಮಡಚಿ ಏರಿಯಿಂದ ಇಳಿಯಿರಿ. ಇಂದಿನ ಬಹುತೇಕ ರಾಡ್‌ಗಳಲ್ಲಿ ಕಾರ್ಬನ್ ಇದ್ದು ವಿದ್ಯುತ್ ಹರಿಯುತ್ತದೆ.

ಹಂತ 9: ಒಯ್ಯುವುದು, ಬಿಡುವುದು

ಊಟಕ್ಕೆ ಬೇಕಾದಷ್ಟೇ ಒಯ್ಯಿರಿ. ಕುಚ್ಚು ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಚೀಲದಲ್ಲಿ ನರಳಲು ಬಿಡದೆ ತಲೆಗೆ ಒಂದೇ ಪೆಟ್ಟು ಹಾಕಿ ಮುಗಿಸಿ. ಬಿಡುವುದಾದರೆ ದಡದ ನೀರಿನಲ್ಲಿ ಹಿಡಿದು, ತಾನಾಗಿ ಈಜುವವರೆಗೆ ಆಸರೆ ಕೊಡಿ. ತುಂಡಾದ ದಾರವನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳಿ. ಕೆರೆಯ ಹಕ್ಕಿಗಳ ಕಾಲಿಗೆ ಅದು ಉರುಳಾಗುತ್ತದೆ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಒಟ್ಟಿಗೆ ಏಳುತ್ತ ಮುಳುಗುತ್ತ ಸಾಗುವುದು ಕಾಣಬಹುದು. ಅದರ ಕೆಳಗೆ ತಾಯಿ-ತಂದೆ ಮೀನು ಕಾವಲಿರುತ್ತವೆ. ಅಲ್ಲಿಗೆ ಬಿದ್ದ ಲ್ಯೂರನ್ನು ಅವು ಹೊಡೆಯುವುದು ಹಸಿವಿಗಲ್ಲ, ಮರಿಗಳನ್ನು ಉಳಿಸಿಕೊಳ್ಳಲು. ಆ ಹೊಡೆತ ಸುಲಭವಾಗಿ ಸಿಗುತ್ತದೆ ಎಂಬುದು ನಿಜ. ಆದರೆ ಕಾವಲು ಹೋದೊಡನೆ ಬೇರೆ ಮೀನುಗಳು ಮರಿಗಳನ್ನು ಮುಗಿಸುತ್ತವೆ. ಅಲ್ಲಿ ಎಸೆಯಬೇಡಿ. ಇಡೀ ವಿದ್ಯೆಯಲ್ಲಿ ಅತ್ಯಂತ ಮುಖ್ಯವಾದ ತಡೆ ಇದೇ. ಕಾಟ್ಲಾ, ರೋಹುಗಳ ಮರಿಯನ್ನು ಕೆರೆಗೆ ವರ್ಷವೂ ತಂದು ಬಿಡುವವರಿದ್ದಾರೆ. ಕುಚ್ಚಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಅದರ ಬಿತ್ತನೆಯೆಂದರೆ ಆ ಕಾವಲಿನ ಜೋಡಿಯೇ. ಅದನ್ನು ಉಳಿಸಿದವರಿಗೆ ಮುಂದಿನ ವರ್ಷಗಳಲ್ಲೂ ಗಾಳ ಹಾಕಲು ಮೀನಿರುತ್ತದೆ.