ದೇಶಕ್ಕೂ ಖರಾಬು ಇರುತ್ತದೆ

ಮಗಳೇ, ಕೆಎಎಸ್ ಪರೀಕ್ಷೆಗೆಂದು ನೀನು ಬರೆದಿಟ್ಟುಕೊಂಡಿರುವ ಟಿಪ್ಪಣಿ ಓದಿದೆ. ಚೀನಾ ನಮಗಿಂತ ಮೂರು ಪಟ್ಟು ದೊಡ್ಡ ದೇಶವಾದ್ದರಿಂದ ನಮ್ಮ ಎರಡು ಪಟ್ಟು ಧಾನ್ಯ ಬೆಳೆಯುತ್ತದೆ ಎಂದು ಬರೆದಿದ್ದೀಯ. ಅಳತೆ ಸರಿಯಾಗಿದೆ. ಅವರದು ಸುಮಾರು 96 ಲಕ್ಷ ಚದರ ಕಿಲೋಮೀಟರ್, ನಮ್ಮದು 32.87 ಲಕ್ಷ. ಕೊಟ್ಟ ಕಾರಣ ಮಾತ್ರ ತಪ್ಪು. ಉಳುವ ನೆಲ ಅವರಿಗಿಂತ ನಮ್ಮಲ್ಲೇ ಹೆಚ್ಚಿದೆ.

ನಂಬಿಕೆ ಬರದಿದ್ದರೆ ಲೆಕ್ಕ ನೋಡು. ಚೀನಾದ 2019ರ ಭೂಸಮೀಕ್ಷೆಯ ಪ್ರಕಾರ ಅಲ್ಲಿನ ಸಾಗುವಳಿ ಭೂಮಿ ಸುಮಾರು 12.8 ಕೋಟಿ ಹೆಕ್ಟೇರ್. ನಮ್ಮಲ್ಲಿ ಬಿತ್ತನೆಯಾಗುವ ನೆಲವೇ ಹೆಚ್ಚು ಕಡಿಮೆ 14 ಕೋಟಿ ಹೆಕ್ಟೇರ್. ಬೀಳು ಬಿಟ್ಟದ್ದನ್ನು ಸೇರಿಸಿದರೆ 15 ಕೋಟಿ ದಾಟುತ್ತದೆ. ನಮ್ಮ ನೆಲದಲ್ಲಿ ಅರ್ಧದಷ್ಟಕ್ಕೆ ನೇಗಿಲು ತಾಗುತ್ತದೆ, ಅವರದರಲ್ಲಿ ಏಳರಲ್ಲೊಂದು ಪಾಲಿಗೂ ತಾಗುವುದಿಲ್ಲ.

ನಮ್ಮ ಹೊಲದ ಪಹಣಿಯನ್ನೇ ನೆನಪಿಸಿಕೋ. ಒಟ್ಟು ವಿಸ್ತೀರ್ಣ ಒಂದು ಕಡೆ ಇರುತ್ತದೆ, ಅದರ ಕೆಳಗೆ 'ಅ' ಖರಾಬು, 'ಬ' ಖರಾಬು. ಬಂಡೆ, ಹಳ್ಳ, ದಾರಿ ಎಲ್ಲ ಕಳೆದು ಉಳಿದದ್ದೇ ಸಾಗುವಳಿಗೆ. ನಾಲ್ಕು ಎಕರೆ ಎಂದು ಕೇಳಿ ಖುಷಿಪಟ್ಟು ಖರಾಬು ನೋಡದೆ ದುಡ್ಡು ಕೊಟ್ಟವರನ್ನು ಮೋಜಣಿ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ದೇಶಕ್ಕೂ ಇದೇ ಲೆಕ್ಕ. ಚೀನಾದ ಪಶ್ಚಿಮಕ್ಕೆ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದ ಟಿಬೆಟ್ ಪ್ರಸ್ಥಭೂಮಿ, ಅದರ ಉತ್ತರಕ್ಕೆ ತಕ್ಲಮಕಾನ್ ಮರುಭೂಮಿ, ಇನ್ನೂ ಆಚೆ ಗೋಬಿ. ಹೂ ಹುವಾನ್‌ಯೋಂಗ್ ಎಂಬ ಭೂಗೋಳ ಶಾಸ್ತ್ರಜ್ಞ 1935ರಲ್ಲಿ ಚೀನಾದ ನಕ್ಷೆಯ ಮೇಲೆ ಈಶಾನ್ಯದಿಂದ ನೈಋತ್ಯಕ್ಕೆ ಒಂದು ಗೆರೆ ಎಳೆದ. ಗೆರೆಯ ಪೂರ್ವಕ್ಕೆ ಆಗಿನ ಚೀನಾದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ನೆಲ, ಅದರಲ್ಲಿ ನೂರಕ್ಕೆ 96 ಜನ. ತೊಂಬತ್ತು ವರ್ಷ ಕಳೆದರೂ ಆ ಗೆರೆ ಹೆಚ್ಚು ಕಡಿಮೆ ಹಾಗೆಯೇ ನಿಂತಿದೆ. ಅಂದರೆ ಅಷ್ಟು ಜನವೂ ಅಷ್ಟು ಬೆಳೆಯೂ ಇರುವುದು ನಮ್ಮ ದೇಶಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತುಂಡಿನಲ್ಲಿ.

ಇನ್ನೊಂದು ಮಾತು. ಯಾವ ಅಂಕಿಯನ್ನು ಬರೆದರೂ ಅದನ್ನು ಅಳೆದವರು ಯಾರು, ಯಾವಾಗ ಅಳೆದರು ಎಂದು ಕೇಳಿಯೇ ಬರೆ. 1990ರ ದಶಕದ ನಡುವಿನ ತನಕ ಚೀನಾದ ಸರ್ಕಾರಿ ಲೆಕ್ಕದಲ್ಲಿ ಸಾಗುವಳಿ ಭೂಮಿ ಇದ್ದದ್ದು ಸುಮಾರು 9.5 ಕೋಟಿ ಹೆಕ್ಟೇರ್. 1996ರಲ್ಲಿ ಮುಗಿದ ಸಮೀಕ್ಷೆಯಲ್ಲಿ ಅದು 13 ಕೋಟಿಗೆ ಏರಿತು. ಕಾಡು ಕಡಿದು ಮಾಡಿದ್ದಲ್ಲ, ಮೊದಲಿಂದಲೂ ಇದ್ದ ನೆಲವೇ. ಧಾನ್ಯದ ಲೆವಿ ಕಡಿಮೆಯಾಗಲಿ ಎಂದು ಹಳ್ಳಿಗಳವರು ವಿಸ್ತೀರ್ಣ ತಗ್ಗಿಸಿ ಬರೆಸುತ್ತಿದ್ದರು. ಅವರ ಅಳತೆಯ ಘಟಕ 'ಮೂ'. ನಮ್ಮ ಆರೂವರೆ ಗುಂಟೆಗಿಂತ ಒಂದು ಚೂರು ಹೆಚ್ಚು. ಬಡ ನೆಲವಾದರೆ ಅದೇ ಮೂ ಅಗಲವಾಗಿಬಿಡುತ್ತಿತ್ತು! ಊರೂರಿಗೂ ಬೇರೆ ಬೇರೆ ಅಳತೆ ನೋಡಿದ ನಮ್ಮಂಥವರಿಗೆ ಇದೇನೂ ಹೊಸದಲ್ಲ.

ಅವರನ್ನು ನೋಡಿ ನಗುವ ಮೊದಲು ನಮ್ಮ ಕಡತವನ್ನೂ ಬಿಚ್ಚು. ನಮ್ಮ 32.87 ಲಕ್ಷದಲ್ಲಿ ಪಾಕಿಸ್ತಾನದ ವಶದಲ್ಲಿರುವ ಸುಮಾರು 78 ಸಾವಿರ ಚದರ ಕಿಲೋಮೀಟರ್, ಅಕ್ಸಾಯ್ ಚಿನ್‌ನ ಸುಮಾರು 38 ಸಾವಿರ, ಎರಡೂ ಸೇರಿವೆ. ನಮ್ಮ ನೆಲ ಎಂದು ನಾವು ಎಣಿಸುತ್ತೇವೆ, ಎಣಿಸಲೇಬೇಕು. ಆದರೆ ಭೂಬಳಕೆಯ ಅಂಕಿಗಳು ಹುಟ್ಟುವುದು ಗ್ರಾಮ ಲೆಕ್ಕಿಗರ ವಹಿಯಿಂದ. ಆ ವಹಿಗೆ ಸಿಗುವುದು ಸುಮಾರು 30.7 ಕೋಟಿ ಹೆಕ್ಟೇರ್ ಮಾತ್ರ. ಶೇಕಡಾವಾರು ಹಾಕುವಾಗ ಯಾವುದರಿಂದ ಭಾಗಿಸಿದೆ ಎಂಬುದನ್ನು ಪಕ್ಕದಲ್ಲಿ ಬರೆ.

ಈಗ ಧಾನ್ಯಕ್ಕೆ ಬಾ. 2024ರಲ್ಲಿ ಚೀನಾ 70 ಕೋಟಿ ಟನ್ ದಾಟಿತು. ನಮ್ಮದು 2023-24ರಲ್ಲಿ 33 ಕೋಟಿ. ಆದರೆ ಅವರು ಎಣಿಸುವುದು ಭತ್ತವನ್ನು, ನಾವು ಎಣಿಸುವುದು ಅಕ್ಕಿಯನ್ನು. ಅವರ ಧಾನ್ಯದಲ್ಲಿ ಸೋಯಾ, ಗೆಡ್ಡೆ ಗೆಣಸೂ ಸೇರುತ್ತವೆ, ನಮ್ಮದರಲ್ಲಿ ಇಲ್ಲ. ಸರಿಪಡಿಸಿ ನೋಡಿದರೆ ಅಂತರ ತಗ್ಗುತ್ತದೆ, ಹೋಗುವುದಿಲ್ಲ. ಹೆಕ್ಟೇರಿಗೆ ಅವರು ಏಳು ಟನ್ ಭತ್ತ ತೆಗೆದರೆ ನಾವು ತೆಗೆಯುವುದು ನಾಲ್ಕರ ಆಸುಪಾಸು. ಹಿಡುವಳಿ ಚಿಕ್ಕದು ಎಂಬ ನೆಪ ಹೇಳಬೇಡ, ಅವರ ಹಿಡುವಳಿ ನಮ್ಮದಕ್ಕಿಂತಲೂ ಚಿಕ್ಕದು. ಅವರ ಇಳುವರಿಗೆ ಕಾರಣ ಬೇರೆ: ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ 1970ರ ದಶಕದಲ್ಲಿ ಬೆಳೆಸಿಕೊಟ್ಟ ಹೈಬ್ರಿಡ್ ಭತ್ತ, ಕಾಲುವೆಯ ಕೊನೆಯ ಹೊಲಕ್ಕೂ ತಲುಪುವ ನೀರು, ಬೇಕಾದಷ್ಟಕ್ಕಿಂತ ಹೆಚ್ಚೇ ಗೊಬ್ಬರ. ಆ ಗೊಬ್ಬರ ಅವರ ಕೆರೆ ನದಿಗಳನ್ನು ಎಷ್ಟು ಕೆಡಿಸಿತೆಂದರೆ, ಬಳಕೆ ಇನ್ನು ಏರಕೂಡದು ಎಂದು 2015ರಲ್ಲಿ ಅಲ್ಲಿನ ಸರ್ಕಾರವೇ ಗುರಿ ಹಾಕಿಕೊಳ್ಳಬೇಕಾಯಿತು. ಅವರ ಬಗ್ಗೆ ಬೆರಗಾಗುವಾಗ ಇದನ್ನೂ ಬರೆ.

ಅವರು ಊಟಕ್ಕೆ ಬಳಸುವ ನೆಲವೆಲ್ಲ ಚೀನಾದೊಳಗೇ ಇಲ್ಲ ಎಂಬುದೂ ಗೊತ್ತಿರಲಿ. ವರ್ಷಕ್ಕೆ ಸುಮಾರು 10 ಕೋಟಿ ಟನ್ ಸೋಯಾ ತರಿಸುತ್ತಾರೆ, ಬಹುಪಾಲು ಬ್ರೆಜಿಲ್‌ನಿಂದ, ಅಮೆರಿಕದಿಂದ. ಹಂದಿ ಕೋಳಿಗಳ ಮೇವು ಅದು. ಹೆಕ್ಟೇರಿಗೆ ಮೂರು ಮೂರೂವರೆ ಟನ್ ಎಂದು ಹಿಡಿದರೂ 3 ಕೋಟಿ ಹೆಕ್ಟೇರ್ ಪರದೇಶದ ಹೊಲ. ನಾವೂ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿಂದಲೇ ತರುತ್ತೇವೆ.

ನೆಲ ಕಡಿಮೆ ಎಂಬ ಅಂಜಿಕೆಯಿಂದ 2006ರಲ್ಲಿ ಅವರು ಒಂದು ಕೆಂಪು ಗೆರೆ ಹಾಕಿಕೊಂಡರು: ಸಾಗುವಳಿ 180 ಕೋಟಿ ಮೂ, ಅಂದರೆ 12 ಕೋಟಿ ಹೆಕ್ಟೇರಿಗಿಂತ ಕೆಳಗಿಳಿಯಬಾರದು. ಪಟ್ಟಣಕ್ಕೆ ಹೊಲ ಹೋದರೆ ಅಷ್ಟೇ ನೆಲವನ್ನು ಬೇರೆಡೆ ಸಾಗುವಳಿಗೆ ತರಬೇಕು. ಕಪ್ಪು ಮಣ್ಣು ಕೊಟ್ಟು ಗುಡ್ಡದ ಜಲ್ಲಿ ನೆಲ ತೋರಿಸಿ ಲೆಕ್ಕ ಮುಗಿಸುವ ಜಾಣರು ಅಲ್ಲೂ ಇದ್ದಾರೆ. ಆದರೂ ಗೆರೆ ಎಂಬುದೊಂದಿದೆ. ನಮಗೆ ಅಂಥ ಗೆರೆಯಿಲ್ಲ. ನೆಲ ಧಾರಾಳವಾಗಿದೆ ಎಂಬ ಭ್ರಮೆಯೇ ನಮಗೆ ಮುಳುವಾಗಿದೆ ಎಂಬುದು ನನ್ನ ಅಭಿಪ್ರಾಯ, ನೀನು ಒಪ್ಪಬೇಕೆಂದಿಲ್ಲ.

ನೀನು ಪಾಸಾಗಿ ತಹಶೀಲ್ದಾರಳೋ ಎಸಿಯೋ ಆದರೆ ಭೂಪರಿವರ್ತನೆಯ ಕಡತಗಳು ನಿನ್ನ ಮೇಜಿಗೂ ಬರುತ್ತವೆ. ವರದಿಗೆ ಸಹಿ ಹಾಕುವ ಮೊದಲು ಆ ಸರ್ವೆ ನಂಬರು ತರಿಯೋ ಖುಷ್ಕಿಯೋ ನೋಡು. ಜೀಪು ತೆಗೆದುಕೊಂಡು ಹೋಗು, ಬೇಸಿಗೆಯಲ್ಲಲ್ಲ, ಬೆಳೆ ನಿಂತಿರುವಾಗ. ಬೇಸಿಗೆಯಲ್ಲಿ ಎಲ್ಲ ನೆಲವೂ ಸೈಟಿನ ಹಾಗೆಯೇ ಕಾಣುತ್ತದೆ.