ಕೋಡ್ ಓಡುತ್ತದೆ, ಹೆಸರು ಹೊಳೆಯುವುದಿಲ್ಲ

ಪ್ರಶ್ನೆ: ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟ್ರೈನಿ. ಮೀನಿನ ಸಗಟು ವ್ಯಾಪಾರದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೋಡ್ ಸರಿಯಾಗಿಯೇ ಓಡುತ್ತದೆ. ಆದರೆ ‘ಎ’, ‘ಟೆಂಪ್’, ‘ಡೇಟಾ2’ ಎಂಬ ವೇರಿಯಬಲ್ ಹೆಸರುಗಳನ್ನು ನೋಡಿ ಸೀನಿಯರ್ ಪ್ರತಿಸಲ ವಾಪಸ್ ಕಳಿಸುತ್ತಾರೆ. ನನ್ನ ಇಂಗ್ಲಿಷ್ ಸಾಲದು, ಈ ಕೆಲಸವೇ ಬೇಡ ಅನ್ನಿಸಿದೆ.
– ಓದುಗ, ಕಾಪು

ಉತ್ತರ: ಇಂಗ್ಲಿಷನ್ನು ಸುಮ್ಮನೆ ದೂರಬೇಡಿ. ಕಾನ್ವೆಂಟಿನಲ್ಲಿ ಓದಿದವರೂ ‘ಟೆಂಪ್’ ಎಂದು ಧಾರಾಳವಾಗಿ ಬರೆಯುತ್ತಾರೆ. ಹೆಸರು ಹೊಳೆಯುತ್ತಿಲ್ಲವೆಂದರೆ, ಆ ವೇರಿಯಬಲ್‌ನಲ್ಲಿ ಇರುವುದೇನು ಎಂಬುದೇ ಹೆಚ್ಚಾಗಿ ನಮಗೆ ಖಚಿತವಾಗಿರುವುದಿಲ್ಲ.

ನಿಮ್ಮ ಪ್ರೋಗ್ರಾಮಿನಲ್ಲಿ ‘ರೇಟ್’ ಅಂತ ಒಂದಿದೆ ಎನ್ನೋಣ. ಬಂಗುಡೆಯ ಆ ರೇಟು ಕಿಲೋಗೋ, ಬಾಕ್ಸಿಗೋ? ಮಲ್ಪೆ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳಿಯಾರು, ನಿಮ್ಮ ಕೋಡ್ ಹೇಳುವುದಿಲ್ಲ. ‘ರೇಟ್_ಪರ್_ಕೆಜಿ’ ಎಂದು ಬರೆಯಲು ಎಷ್ಟು ಇಂಗ್ಲಿಷ್ ಬೇಕು? ಈ ಗೊಂದಲ ನಾಸಾವನ್ನೂ ಬಿಟ್ಟಿಲ್ಲ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಮಾನದಲ್ಲಿವೆ ಎಂದುಕೊಂಡಿತು; 1999ರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಕೈತಪ್ಪಿ ಹೋಯಿತು.

ಟೈಪ್ ಆರಿಸುವಾಗಲೂ ಇದೇ ಪ್ರಶ್ನೆ: ಇದರಲ್ಲಿ ಇರುವುದೇನು? ಉಡುಪಿಯ ಎಸ್‌ಟಿಡಿ ಕೋಡ್ 0820. ಅದನ್ನು ಇಂಟೀಜರ್ ಆಗಿ ಇಟ್ಟರೆ ಮುಂದಿನ ಸೊನ್ನೆ ಹಾರಿಹೋಗಿ 820 ಉಳಿಯುತ್ತದೆ. ಕೂಡಿ ಕಳೆಯುವ ಪ್ರಸಂಗವೇ ಬಾರದ ಫೋನ್ ನಂಬರು, ಪಿನ್‌ಕೋಡುಗಳೆಲ್ಲ ಸ್ಟ್ರಿಂಗ್ ಆಗಿರಲಿ. ನಮ್ಮ ಮೊಬೈಲ್ ನಂಬರಂತೂ 32 ಬಿಟ್ ಇಂಟೀಜರಿನಲ್ಲಿ ಹಿಡಿಸುವುದೇ ಇಲ್ಲ; ಅದರ ಮಿತಿ 2,14,74,83,647.

ದುಡ್ಡಿನ ವಿಷಯದಲ್ಲಿ ಇನ್ನೂ ಹುಷಾರು. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಫ್ಲೋಟ್ ಟೈಪ್ ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ವ್ಯಾಪಾರಿಯ ಬಾಕಿಯನ್ನು ಪೈಸೆಯಲ್ಲಿ, ಇಂಟೀಜರ್ ಆಗಿ ಇಡಿ. ಆಗ ‘ಬಾಕಿ_ಪೈಸೆ’ ಎಂಬ ಹೆಸರು ತಾನಾಗಿ ಬರುತ್ತದೆ.

ಮೊದಲು ಕಾಗದದ ಮೇಲೆ ಕನ್ನಡದಲ್ಲೋ ತುಳುವಿನಲ್ಲೋ ಬರೆದುಕೊಳ್ಳಿ: ಇದು ಯಾವುದರ ಅಳತೆ, ಯಾವ ಮಾನದಲ್ಲಿ, ಖಾಲಿ ಇರಬಹುದೇ? ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ, ಆದರೆ ತಂಡದಲ್ಲಿ ಕನ್ನಡ ಓದಲು ಬಾರದವರಿದ್ದರೆ ಬೇಡ. ಲೂಪಿನ ‘ಐ’ ಹಾಗೇ ಇರಲಿ, ಅದಕ್ಕೆ ಉದ್ದ ಹೆಸರಿಡುವುದು ಅತಿಯಾಯಿತು.

ಇನ್ನು ಸೀನಿಯರ್. ಕಾರಣ ಹೇಳದೆ ವಾಪಸ್ ಕಳಿಸುತ್ತಿದ್ದರೆ ಅದು ಅವರ ಕೊರತೆ. ಮುಂದಿನ ಸಲ ಒಂದೇ ಒಂದು ಹೆಸರನ್ನು ತೋರಿಸಿ, “ಸರ್, ನೀವಾಗಿದ್ದರೆ ಇದಕ್ಕೆ ಏನು ಹೆಸರಿಡುತ್ತಿದ್ದಿರಿ?” ಎಂದು ಕೇಳಿ.